ಕಾರ್ಟೂನಿಗೆ ಸಿಡಿಲಿನ ಹೆದರಿಕೆಯಿಲ್ಲ, ನಮ್ಮನೆ ಕಂಪ್ಯೂಟರಿಗಿದೆ

ಮೊಬೈಲಿನಲ್ಲಿ ಇಂಥದ್ದೊಂದು ಜಾಹೀರಾತನ್ನು ನೀವೂ ನೋಡಿರುತ್ತೀರಿ. ಕಪ್ಪು ಮೋಡ, ಫಳ್ಳೆಂದು ಒಂದು ಮಿಂಚು. ಕಂಪ್ಯೂಟರ್ ಮುಂದೆ ಕೂತ ಕಾರ್ಟೂನ್ ಹುಡುಗ ಹೆದರಿ ಮುದುಡಿಕೊಳ್ಳುತ್ತಾನೆ. ಅಷ್ಟರಲ್ಲಿ ಗೋಡೆಯ ಬದಿಯಲ್ಲಿ ಬಿದ್ದಿದ್ದ ಪ್ಲಗ್ ಪಟ್ಟಿಗೆ ಕೈಕಾಲು ಮೂಡುತ್ತವೆ. ಅದು ಎದೆಯುಬ್ಬಿಸಿ ನಿಂತು ಬಂದ ಸಿಡಿಲನ್ನು ಒದ್ದು ಆಕಾಶಕ್ಕೇ ವಾಪಸ್ ಕಳಿಸುತ್ತದೆ. ಹುಡುಗ ನಗುತ್ತಾನೆ. ಬೆಲೆ ಬರುತ್ತದೆ, ಫೋನ್ ನಂಬರ್ ಬರುತ್ತದೆ. ಮೂವತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ.

ನೋಡಲು ಚೆಂದ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳ ಮಟ್ಟಿಗೆ ಇದು ಅಪಾಯಕಾರಿ ಸುಳ್ಳು. ಇಲ್ಲಿ ಗುಡುಗು ಮಿಂಚು ಎಂದರೆ ಕಾರ್ಟೂನ್ ಅಲ್ಲ. ಭರಣಿ ಮಳೆಯ ಒಂದು ಸಂಜೆಯಲ್ಲಿ ರೂಟರ್, ಟಿವಿ, ಕಂಪ್ಯೂಟರ್ ಮೂರೂ ಸುಟ್ಟು ಕೂತ ಮನೆಗಳು ಪ್ರತಿ ಊರಲ್ಲೂ ಸಿಗುತ್ತವೆ. ಆ ಕಂಪ್ಯೂಟರಿನಲ್ಲಿ ಮಗಳ ಓದು ಇರುತ್ತದೆ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುವ ಮಗನ ಕೆಲಸ ಇರುತ್ತದೆ, ಸೊಸೈಟಿಯ ಲೆಕ್ಕ ಇರುತ್ತದೆ.

ಶಿರಸಿಯ ಒಂದು ಕಂಪ್ಯೂಟರ್ ಅಂಗಡಿಯವರು ನಮ್ಮ ಬಳಗದ ಹತ್ತಿರ ಸ್ಪೈಕ್ ಗಾರ್ಡಿಗೆ ಇಂಥದ್ದೇ ಜಾಹೀರಾತು ಮಾಡಿಕೊಡಿ ಎಂದು ಕೇಳಿದರು. "ತಮಾ, ಸಿಡ್ಲು ಬಂದು ಬಡಿಯವು, ನಮ್ಮ ಗಾರ್ಡು ಅದನ್ನ ಒದ್ದು ಕಳಸವು" ಎಂದು ಕಥೆಯನ್ನೂ ಅವರೇ ಹೇಳಿದರು. ಅಲ್ಲಿಂದ ನಮ್ಮಲ್ಲಿ ಚರ್ಚೆ ಶುರುವಾಯಿತು. ಈ ಬರಹ ಆ ಚರ್ಚೆಯ ಫಲ. ನಮ್ಮ ಮಾತು ಇಷ್ಟೇ: ಕ್ಯಾಮೆರಾ ತೋರಿಸಲಾಗದ್ದನ್ನು ಅನಿಮೇಷನ್ ತೋರಿಸಬಲ್ಲದು. ಹಾಗಾಗಿ ಕಂಪ್ಯೂಟರ್ ಸಾಮಾನಿನ ಜಾಹೀರಾತಿಗೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಅದನ್ನು ಸುಳ್ಳು ಹೇಳಲು ಬಳಸುವುದು ಬೇಡ, ಡಬ್ಬಿಯ ಒಳಗೆ ನಿಜವಾಗಿ ಏನಾಗುತ್ತದೆ ಎಂದು ತೋರಿಸಲು ಬಳಸೋಣ. ಮತ್ತು ಆ ಕೆಲಸ ನಮ್ಮ ಮೂರು ತಾಲ್ಲೂಕಿನ ಹುಡುಗ ಹುಡುಗಿಯರ ಕೈಯಲ್ಲೇ ಆಗಲಿ.

ಡಬ್ಬಿಯ ಒಳಗೆ ಏನಿದೆ?

ಮೊದಲು ಮಾಲು ಏನು ಎಂದು ತಿಳಿಯೋಣ. ಮಾಲು ಗೊತ್ತಿಲ್ಲದೆ ಜಾಹೀರಾತು ಮಾಡಬಾರದು, ಕೊಳ್ಳಲೂಬಾರದು.

ಅಂಗಡಿಯಲ್ಲಿ ಉದ್ದ ವೈರು, ನಾಲ್ಕಾರು ಸಾಕೆಟ್, ಒಂದು ಕೆಂಪು ದೀಪ ಇರುವ ಎಲ್ಲ ಪಟ್ಟಿಗಳನ್ನೂ ನಾವು ಸ್ಪೈಕ್ ಗಾರ್ಡ್ ಎಂದೇ ಕರೆಯುತ್ತೇವೆ. ಆದರೆ ಎಲ್ಲವೂ ಗಾರ್ಡ್ ಅಲ್ಲ. ಕೆಲವು ಬರೀ ಎಕ್ಸ್‌ಟೆನ್ಷನ್ ಬೋರ್ಡ್. ಒಳಗೆ ತಾಮ್ರದ ಪಟ್ಟಿ, ಒಂದು ಫ್ಯೂಸ್, ಒಂದು ದೀಪ ಬಿಟ್ಟರೆ ಬೇರೇನೂ ಇಲ್ಲ.

ನಿಜವಾದ ಗಾರ್ಡಿನ ಒಳಗೆ ನಾಣ್ಯದಷ್ಟು ಅಗಲದ ಬಿಲ್ಲೆಗಳಿರುತ್ತವೆ. ಇವನ್ನು ಎಂಒವಿ ಎನ್ನುತ್ತಾರೆ. ಸತುವಿನ ಆಕ್ಸೈಡ್ ಪುಡಿಯಿಂದ ಮಾಡಿದ ಬಿಲ್ಲೆ ಇದು. ಮನೆಯ ಮಾಮೂಲಿ 230 ವೋಲ್ಟ್ ಇರುವಾಗ ಅದು ಸುಮ್ಮನಿರುತ್ತದೆ. ವೋಲ್ಟೇಜು ಒಮ್ಮೆಲೇ ಮಿತಿಮೀರಿ ಏರಿದರೆ ತಕ್ಷಣ ಬಾಗಿಲು ತೆರೆದು, ಹೆಚ್ಚಾದದ್ದನ್ನು ಕಂಪ್ಯೂಟರಿಗೆ ಹೋಗಲು ಬಿಡದೆ ಪಕ್ಕಕ್ಕೆ ತಿರುಗಿಸುತ್ತದೆ. ಒಳ್ಳೆಯ ಗಾರ್ಡಿನಲ್ಲಿ ಫೇಸ್, ನ್ಯೂಟ್ರಲ್, ಅರ್ಥ್ ಮೂರರ ನಡುವೆಯೂ ಬಿಲ್ಲೆ ಇರುತ್ತದೆ. ಅಗ್ಗದ್ದರಲ್ಲಿ ಒಂದೇ ಇರಬಹುದು.

ಅಡಿಕೆ ತೋಟ ಇರುವವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಮಳೆಗಾಲದಲ್ಲಿ ತೋಟಕ್ಕೆ ನುಗ್ಗುವ ಹೆಚ್ಚಿನ ನೀರನ್ನು ಕಾದಿಗೆ ಹೊರಗೆ ಒಯ್ಯುತ್ತದಲ್ಲ, ಬಿಲ್ಲೆಯ ಕೆಲಸವೂ ಅದೇ. ನೀರನ್ನು ಅದು ಒದ್ದು ಓಡಿಸುವುದಿಲ್ಲ, ದಾರಿ ಮಾಡಿ ಕಳಿಸುತ್ತದೆ. ಆದರೆ ಕಾದಿಗೆಯ ಬಾಯಿ ಕಟ್ಟಿದ್ದರೆ? ನೀರು ತೋಟದಲ್ಲೇ ನಿಲ್ಲುತ್ತದೆ, ಮರ ಕೊಳೆಯುತ್ತದೆ. ಗಾರ್ಡಿನ ಕಾದಿಗೆ ಎಂದರೆ ಮನೆಯ ಅರ್ಥಿಂಗ್. ಅರ್ಥಿಂಗ್ ಸರಿ ಇಲ್ಲದಿದ್ದರೆ ಎಷ್ಟೇ ಬೆಲೆಯ ಗಾರ್ಡ್ ತಂದರೂ ಅರ್ಧ ಕೆಲಸವನ್ನೂ ಮಾಡಲಿಕ್ಕಿಲ್ಲ.

ಇನ್ನೊಂದು ಸಂಗತಿಯನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಈ ಬಿಲ್ಲೆ ಸವೆಯುತ್ತದೆ. ಪ್ರತಿ ಹೊಡೆತ ತಿಂದಾಗಲೂ ಅದರ ಆಯಸ್ಸು ಸ್ವಲ್ಪ ಕಡಿಮೆಯಾಗುತ್ತದೆ. ಒಂದು ದಿನ ಬಿಲ್ಲೆ ಸಾಯುತ್ತದೆ. ಆದರೆ ಪಟ್ಟಿ ಸಾಯುವುದಿಲ್ಲ. ಕಂಪ್ಯೂಟರ್ ಆನ್ ಆಗುತ್ತದೆ, ಕರೆಂಟು ಇದೆ ಎನ್ನುವ ದೀಪ ಉರಿಯುತ್ತದೆ. ಗಾರ್ಡ್ ಇದೆ ಎಂದು ನಾವು ನಂಬಿಕೊಂಡಿರುತ್ತೇವೆ, ಅದು ಎಂದೋ ಬರೀ ಬೋರ್ಡ್ ಆಗಿರುತ್ತದೆ. ಒಳ್ಳೆಯ ಗಾರ್ಡುಗಳಲ್ಲಿ ಬಿಲ್ಲೆ ಜೀವಂತವಾಗಿದೆಯೇ ಎಂದು ತೋರಿಸಲು ಬೇರೆಯೇ ಒಂದು ದೀಪ ಕೊಟ್ಟಿರುತ್ತಾರೆ. ಎಷ್ಟು ಜನ ಅದನ್ನು ಗಮನಿಸುತ್ತೇವೆ?

ಇನ್ನು ಸಿಡಿಲಿನ ಮಾತು. ಒಂದು ಹೊಡೆತದಲ್ಲಿ ಸಾಮಾನ್ಯವಾಗಿ 30,000 ಆಂಪಿಯರ್ ಆಸುಪಾಸಿನ ಕರೆಂಟು ಹರಿಯುತ್ತದೆ. ನಮ್ಮ ಮನೆಯ ಚಿಕ್ಕ ಸಾಕೆಟ್ 6 ಆಂಪಿಯರಿನದು, ದೊಡ್ಡದು 16. ಸಿಡಿಲು ನೇರ ಮನೆಗೋ ಮನೆಯ ಹತ್ತಿರದ ಕಂಬಕ್ಕೋ ಬಡಿದರೆ ಮೇಜಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಅದನ್ನು ತಡೆಯುತ್ತದೆ ಎನ್ನುವುದು ಕನಸು. ದೂರದಲ್ಲೆಲ್ಲೋ ಬಡಿದ ಸಿಡಿಲು ಲೈನಿನಲ್ಲಿ ಎಬ್ಬಿಸಿದ ಅಲೆ, ಕರೆಂಟು ಹೋಗಿ ಬರುವಾಗಿನ ಏರಿಳಿತ, ಇಂಥವಕ್ಕೆ ಗಾರ್ಡ್ ಉಪಯೋಗ. ಅದೂ ಕಡಿಮೆ ಉಪಯೋಗವಲ್ಲ. ಅಷ್ಟನ್ನೇ ಹೇಳಿ ಮಾರಿದರೂ ಸಾಕು.

ನಮ್ಮ ಸೀಮೆಯ ಲೆಕ್ಕ ಬೇರೆ

ದೊಡ್ಡ ಊರಿನಲ್ಲಿ ಕೂತು ಜಾಹೀರಾತು ಮಾಡುವವರಿಗೆ ನಮ್ಮ ಕಡೆಯ ಕೆಲವು ಸಂಗತಿಗಳು ಹೊಳೆಯುವುದೇ ಇಲ್ಲ.

ಒಂದು, ನಮ್ಮ ಮನೆಗಳು ಚದುರಿಕೊಂಡಿವೆ. ಲೈನ್ ಬೆಟ್ಟ ಬೇಣ ದಾಟಿ ಬರುತ್ತದೆ, ಕೊನೆಯ ಕಂಬದಿಂದ ಮನೆಗೆ ಮತ್ತೆ ಉದ್ದ ಸರ್ವಿಸ್ ವೈರು. ಬಯಲಲ್ಲಿ ವೈರು ಉದ್ದವಾದಷ್ಟೂ ಸಿಡಿಲಿನ ಅಲೆಗೆ ಸಿಗುವ ಜಾಗ ಜಾಸ್ತಿ.

ಎರಡು, ಇಲ್ಲಿ ಗುಡುಗು ಸಿಡಿಲಿನ ಆರ್ಭಟ ಹೆಚ್ಚು ಇರುವುದು ಜಡಿಮಳೆಯ ಆಷಾಢದಲ್ಲಲ್ಲ. ಏಪ್ರಿಲ್, ಮೇ ತಿಂಗಳ ಬೇಸಿಗೆ ಮಳೆಯಲ್ಲಿ, ಮತ್ತೆ ಮಳೆಗಾಲ ಹಿಂದೆ ಸರಿಯುವ ಅಕ್ಟೋಬರಿನಲ್ಲಿ. ಬೇಸಿಗೆ ಮಳೆಯ ಹೊತ್ತಿಗೆ ನೆಲ ಹೇಗಿರುತ್ತದೆ? ಬಾವಿಯ ನೀರೇ ತಳ ಕಂಡಿರುತ್ತದೆ, ಅಂಗಳದ ಮೂಲೆಯ ಅರ್ಥ್ ಗುಂಡಿ ಒಣಗಿ ಬೂದಿಯಾಗಿರುತ್ತದೆ. ಒಣ ಮಣ್ಣು ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಅಂದರೆ ಅರ್ಥಿಂಗ್ ಅತಿ ಹೆಚ್ಚು ಬೇಕಾದ ದಿನಗಳಲ್ಲೇ ಅದು ಅತಿ ದುರ್ಬಲವಾಗಿರುತ್ತದೆ. ಆ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ ಎಂದು ಯಾವ ಕಾರ್ಟೂನ್ ಹೇಳಿದೆ?

ಮೂರು, ಕರೆಂಟು ಹೋದರೆ ಅಪಾಯ ಹೋಯಿತು ಎಂಬ ನಂಬಿಕೆ. "ಲೈನಲ್ಲಿ ಕರೆಂಟಿಲ್ಲ, ಇನ್ವರ್ಟರ್ ಮೇಲೆ ಓಡ್ತಾ ಇದ್ದು" ಎಂದು ಕೆಲಸ ಮುಂದುವರಿಸುವವರಿದ್ದಾರೆ. ಕರೆಂಟು ಇಲ್ಲದಿದ್ದರೂ ವೈರು ಕಂಬಕ್ಕೆ ಅಂಟಿಕೊಂಡೇ ಇದೆ. ಸಿಡಿಲಿಗೆ ಅಷ್ಟು ಸಾಕು. ಸ್ವಿಚ್ ಆರಿಸಿದರೂ ಸಾಲದು, ಸ್ವಿಚ್ಚಿನೊಳಗಿನ ಚಿಕ್ಕ ಸಂದನ್ನು ದೊಡ್ಡ ಅಲೆ ಹಾರಿ ದಾಟಬಲ್ಲದು. ಪ್ಲಗ್ಗನ್ನೇ ಕೀಳಬೇಕು.

ನಾಲ್ಕು, ಕರೆಂಟಿನ ವೈರು ಒಂದೇ ದಾರಿಯಲ್ಲ. ಚಾವಣಿಯ ಮೇಲಿನ ಡಿಶ್ಶಿನಿಂದ ಬರುವ ತಂತಿ, ಸಿಸಿ ಕ್ಯಾಮೆರಾಕ್ಕೆ ಹೊರಗೆ ಎಳೆದ ಕೇಬಲ್, ಇವೆಲ್ಲ ತಾಮ್ರದ ದಾರಿಗಳೇ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ನಿಜ. ಆದರೆ ರೂಟರಿನ ಅಡಾಪ್ಟರ್ ಕೂತಿರುವುದು ಗೋಡೆಯ ಸಾಕೆಟ್ಟಿನಲ್ಲಿ.

ಇಷ್ಟೂ ಸಂಗತಿಯನ್ನು ಮೂವತ್ತು ಸೆಕೆಂಡಿನಲ್ಲಿ ಹೇಳಲು ಆಗುವುದಿಲ್ಲ. ಆದರೆ ಇವುಗಳಿಗೆ ವಿರುದ್ಧವಾದದ್ದನ್ನು ಹೇಳದೇ ಇರಬಹುದಲ್ಲ. ಸಿಡಿಲನ್ನು ಒದೆಯುವ ಕಾರ್ಟೂನ್ ನೋಡಿದ ಮನೆಯವರು ಗುಡುಗಿನಲ್ಲಿ ಪ್ಲಗ್ ಕೀಳುವುದನ್ನೇ ಬಿಡುತ್ತಾರೆ. "ಗಾರ್ಡ್ ಹಾಕ್ಸಿದ್ದು, ಎಂತ ಆಗ್ತಿಲ್ಲೆ" ಎನ್ನುತ್ತಾರೆ. ಜಾಹೀರಾತು ಅಲ್ಲಿಗೆ ಬರೀ ಸುಳ್ಳಾಗಿ ಉಳಿಯುವುದಿಲ್ಲ, ಮೊದಲು ಇದ್ದ ಒಳ್ಳೆಯ ರೂಢಿಯೊಂದನ್ನೂ ಕೆಡಿಸುತ್ತದೆ.

ಸುಳ್ಳಿಗೂ ಸತ್ಯಕ್ಕೂ ಒಂದೇ ಖರ್ಚು

ಅನಿಮೇಷನ್ ಹೇಗೆ ಮಾಡುತ್ತಾರೆ ಎಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಸಿನೆಮಾದ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ. 30 ಸೆಕೆಂಡಿಗೆ 720. ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸಿ ಮಿತವ್ಯಯ ಮಾಡಿದರೂ 360 ಬೇಕು. ಮೊದಲು ಕಥೆಯನ್ನು ಚೌಕಗಳಲ್ಲಿ ಒರಟಾಗಿ ಬರೆಯುತ್ತಾರೆ, ಅದೇ ಸ್ಟೋರಿಬೋರ್ಡ್. ಆಮೇಲೆ ಧ್ವನಿ ರೆಕಾರ್ಡ್ ಮಾಡಿ, ಧ್ವನಿಗೆ ಹೊಂದುವಂತೆ ಚೌಕಗಳ ಅಳತೆ ಕೂಡಿಸುತ್ತಾರೆ. ನಂತರ ಮುಖ್ಯ ಭಂಗಿಗಳು, ಅವುಗಳ ನಡುವಿನ ಚಲನೆ, ಬಣ್ಣ, ಶಬ್ದ. ಈಗ ನಡುವಿನ ಚಲನೆಯ ಹೆಚ್ಚಿನ ಪಾಲನ್ನು ಕಂಪ್ಯೂಟರೇ ತುಂಬಿಕೊಡುತ್ತದೆ. ಆದರೂ ಯೋಚನೆ ಮನುಷ್ಯನದೇ.

ಮಾಮೂಲಿ ಶೂಟಿಂಗಿನಲ್ಲಿ ಸುಳ್ಳು ಹೇಳುವುದಕ್ಕೂ ಏನಾದರೂ ಖರ್ಚಿದೆ. ಸೆಟ್ ಹಾಕಬೇಕು, ಬೆಂಕಿ ಹಚ್ಚಬೇಕು. ಅನಿಮೇಷನ್ನಿನಲ್ಲಿ ಹಾಗಿಲ್ಲ. ಸಿಡಿಲನ್ನು ಒದ್ದು ಕಳಿಸುವ ಚಿತ್ರಕ್ಕೂ, ಬಿಲ್ಲೆ ಬಾಗಿಲು ತೆರೆದು ಅಲೆಯನ್ನು ನೆಲಕ್ಕೆ ಕಳಿಸುವ ಚಿತ್ರಕ್ಕೂ ಹಿಡಿಯುವ ಗಂಟೆಗಳು ಒಂದೇ. ಖರ್ಚು ಒಂದೇ ಆದಾಗ ಯಾವುದನ್ನು ಮಾಡಬೇಕು ಎನ್ನುವುದು ದುಡ್ಡಿನ ಪ್ರಶ್ನೆ ಅಲ್ಲ, ಮನಸ್ಸಿನ ಪ್ರಶ್ನೆ.

"ಕಾರ್ಟೂನ್ ಅಲ್ದಾ, ಯಾರು ನಿಜ ಅಂತ ನಂಬ್ತ?" ಎಂದು ನಮ್ಮಲ್ಲೇ ಕೆಲವರು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. 2009ರ ಐಪಿಎಲ್ ಹೊತ್ತಿನಲ್ಲಿ ಬಂದ ಝೂಝೂ ಜಾಹೀರಾತು ನೆನಪಿದೆಯೇ? ಬಿಳಿ ಮೈ, ಮೊಟ್ಟೆಯಂಥ ತಲೆ. ಅದನ್ನು ಕಾರ್ಟೂನ್ ಎಂದೇ ಊರಿಗೆ ಊರೇ ನಂಬಿತ್ತು. ನಿಜವಾಗಿ ಅವರು ಬಿಳಿ ಬಟ್ಟೆ ತೊಟ್ಟ ಮನುಷ್ಯರು. ಬೆಂಗಳೂರಿನ ನಿರ್ವಾಣ ಫಿಲ್ಮ್ಸ್ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಶೂಟ್ ಮಾಡಿದ್ದು. ಅಲ್ಲಿ ನೋಡುಗರಿಗೆ ಆದ ಮೋಸ ಏನೂ ಇಲ್ಲ. ಝೂಝೂ ಮೊಟ್ಟೆತಲೆಯವರೇ ಎಂದು ನಂಬಿ ಯಾರೂ ನಷ್ಟ ಮಾಡಿಕೊಳ್ಳಲಿಲ್ಲ.

ವ್ಯತ್ಯಾಸ ಇರುವುದು ಇಲ್ಲಿ. ಪ್ಲಗ್ ಪಟ್ಟಿಗೆ ಕೈಕಾಲು ಬರುತ್ತದೆ ಎಂದು ಯಾರೂ ನಂಬುವುದಿಲ್ಲ. ಅದು ಕಲ್ಪನೆ, ಇರಲಿ. ಆದರೆ ಅದು ಸಿಡಿಲನ್ನು ತಡೆಯುತ್ತದೆ ಎನ್ನುವುದನ್ನು ನಂಬುತ್ತಾರೆ, ಏಕೆಂದರೆ ಕೊಳ್ಳುವುದೇ ಅದಕ್ಕಾಗಿ. ಯಾವ ಗುಣಕ್ಕಾಗಿ ಗಿರಾಕಿ ದುಡ್ಡು ಕೊಡುತ್ತಾನೋ ಆ ಗುಣದ ವಿಷಯದಲ್ಲಿ ಕಲ್ಪನೆ ನಿಲ್ಲಬೇಕು. ಉಳಿದ ಕಡೆ ಎಷ್ಟು ಬೇಕಾದರೂ ಹಾರಲಿ.

ಇದು ನಮ್ಮ ಮಾತು ಮಾತ್ರ ಅಲ್ಲ, ಕಾನೂನಿನ ಮಾತೂ ಹೌದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2022ರ ಜೂನಿನಲ್ಲಿ ಬಂದ ಮಾರ್ಗಸೂಚಿ ಇನ್ನೂ ಮುಂದೆ ಹೋಗಿದೆ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು ಎನ್ನುತ್ತದೆ ಅದು. ಅಂದರೆ ಕನ್ನಡದಲ್ಲಿ "ಸಿಡಿಲಿನಿಂದ ಪೂರ್ಣ ರಕ್ಷಣೆ" ಎಂದು ಕೂಗಿ, ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ "ಷರತ್ತುಗಳು ಅನ್ವಯ" ಎಂದು ಬರೆದು ಜಾರಿಕೊಳ್ಳುವಂತಿಲ್ಲ. ದೊಡ್ಡ ಅಕ್ಷರದಲ್ಲಿ ಹೇಳಿದ ಸುಳ್ಳನ್ನು ಸಣ್ಣ ಅಕ್ಷರದಲ್ಲಿ ತಿದ್ದುವಂತೆಯೂ ಇಲ್ಲ. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಸತ್ಯ ಹೇಳಿದರೆ ಮಾಲು ಹೋಗುತ್ತದೆಯೇ?

ಅಂಗಡಿಯವರ ಅಳುಕು ಇದೇ ಆಗಿತ್ತು. "ಪ್ಲಗ್ ಕಿತ್ತಿಡಿ ಅಂತ ನಾವೇ ಹೇಳಿದ್ರೆ ಗಾರ್ಡ್ ಯಾರು ತಗತ್ತ ತಮಾ?" ಎಂದರು. ಅವರ ಕಷ್ಟವನ್ನು ಹಗುರವಾಗಿ ನೋಡುವ ಹಾಗಿಲ್ಲ. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಪಟ್ಟಿ ಸಿಗುತ್ತದೆ. ಅಂಗಡಿ ಬಾಡಿಗೆ, ಹುಡುಗರ ಸಂಬಳ ಎಲ್ಲ ಇದೆ.

ಇಲ್ಲಿ ಹೊರದೇಶದ ಒಂದು ಹಳೆಯ ಕಥೆ ಹೇಳಬೇಕು. 1986ರಲ್ಲಿ ಅಮೆರಿಕದ ಪಿಕ್ಸಾರ್ ಎಂಬ ಕಂಪನಿ ಕಂಪ್ಯೂಟರ್ ಯಂತ್ರ ಮಾರುತ್ತಿತ್ತು. ಬೆಲೆ ಒಂದು ಲಕ್ಷ ಡಾಲರಿಗೂ ಮೇಲೆ. ತಮ್ಮ ಯಂತ್ರ, ತಂತ್ರಾಂಶಗಳಿಂದ ಎಂಥ ಚಿತ್ರ ಮಾಡಬಹುದು ಎಂದು ತೋರಿಸಲು ಅಲ್ಲಿನ ಜಾನ್ ಲ್ಯಾಸಿಟರ್ ಎರಡು ನಿಮಿಷದ ಒಂದು ಅನಿಮೇಷನ್ ಮಾಡಿದರು. ಹೆಸರು 'ಲಕ್ಸೊ ಜೂನಿಯರ್'. ಎರಡು ಟೇಬಲ್ ದೀಪ, ಒಂದು ಚೆಂಡು, ಅಷ್ಟೇ. ಮಾತಿಲ್ಲ, ಉತ್ಪ್ರೇಕ್ಷೆಯ ಘೋಷಣೆಯಿಲ್ಲ. ಅದನ್ನು ಆ ವರ್ಷದ ಆಗಸ್ಟಿನಲ್ಲಿ ಡಲ್ಲಾಸ್ ಊರಿನ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ತೋರಿಸಿದಾಗ ತಜ್ಞರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೆರಳು ಬೆಳಕು ಹೇಗೆ ಮೂಡಿದೆಯೋ ಅದೇ ಸಾಕ್ಷಿ, ಬೇರೆ ಹೇಳಿಕೆ ಬೇಕಿರಲಿಲ್ಲ.

ಯಂತ್ರದ ವ್ಯಾಪಾರ ಕುದುರಲಿಲ್ಲ, ಕೆಲವು ವರ್ಷಗಳಲ್ಲಿ ಅದನ್ನು ಮಾರಿಬಿಟ್ಟರು. ಆದರೆ ಚಿತ್ರ ಮಾಡುವ ಬಳಗ ಉಳಿಯಿತು. ಬೇರೆಯವರ ಸಾಮಾನುಗಳಿಗೆ ಅನಿಮೇಷನ್ ಜಾಹೀರಾತು ಮಾಡಿಕೊಡುತ್ತ ದಿನ ದೂಡಿತು. 1995ರಲ್ಲಿ 'ಟಾಯ್ ಸ್ಟೋರಿ' ಮಾಡಿತು. ಇಂದಿಗೂ ಪಿಕ್ಸಾರ್ ಸಿನೆಮಾದ ಶುರುವಿನಲ್ಲಿ ಕುಣಿದು ಬರುವುದು ಅದೇ ದೀಪ. ಕಂಪ್ಯೂಟರ್ ಸಾಮಾನಿನ ಜಾಹೀರಾತು ಎಂದರೆ ಕೀಳು ಕೆಲಸ ಎಂದುಕೊಂಡ ನಮ್ಮ ಹುಡುಗರಿಗೂ, ಇದ್ದದ್ದನ್ನು ಇದ್ದಂತೆ ತೋರಿಸಿದರೆ ಯಾರೂ ನೋಡುವುದಿಲ್ಲ ಎನ್ನುವ ಅಂಗಡಿಯವರಿಗೂ ಇದರಲ್ಲಿ ಉತ್ತರ ಇದೆ.

ಇನ್ನೊಂದು ಉತ್ತರ ನಮ್ಮ ಊರಲ್ಲೇ ಇದೆ. ದೂರದ ಕಂಪನಿ ಗಿರಾಕಿಯ ಮುಖ ನೋಡುವುದಿಲ್ಲ. ಶಿರಸಿಯ ಅಂಗಡಿಯವನಿಗೆ ಹಾಗಲ್ಲ. ಕಂಪ್ಯೂಟರ್ ಸುಟ್ಟ ಗಿರಾಕಿ ಮುಂದಿನ ಸಂತೆಗೇ ಎದುರಿಗೆ ಬಂದು ನಿಲ್ಲುತ್ತಾನೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುತ್ತಾನೆ. ಸಣ್ಣ ಊರಿನ ವ್ಯಾಪಾರ ನಿಂತಿರುವುದು ಮಾತಿನ ಮೇಲೆ. "ಆ ಅಂಗಡಿಯವ ಇದ್ದಿದ್ದು ಇದ್ದ ಹಾಗೆ ಹೇಳ್ತಾ" ಎಂಬ ಹೆಸರು ಬಂದರೆ ಆನ್‌ಲೈನಿನ ಅರ್ಧ ಬೆಲೆ ಅದರ ಎದುರು ನಿಲ್ಲುವುದಿಲ್ಲ. ಮನೆಗೆ ಬಂದು ಅರ್ಥಿಂಗ್ ನೋಡಿ ಹೋಗುವ ಕೆಲಸವನ್ನು ಆನ್‌ಲೈನ್ ಕಂಪನಿಯೂ ಮಾಡುವುದಿಲ್ಲ. ಗಾರ್ಡಿನ ಜೊತೆಗೆ ಆ ಸೇವೆಯನ್ನೂ ಮಾರಬಹುದು.

ನಾವು ಬರೆದ ಮೂವತ್ತು ಸೆಕೆಂಡು

ಬರೀ ಬೇಡ ಎನ್ನುವುದು ಸುಲಭ, ಬದಲಿಗೆ ಏನು ಎಂದು ಹೇಳಬೇಕು. ನಾವು ಅಂಗಡಿಯವರ ಮುಂದಿಟ್ಟ ಸ್ಟೋರಿಬೋರ್ಡ್ ಹೀಗಿದೆ.

ಮೊದಲ 5 ಸೆಕೆಂಡು: ತೋಟದ ಮೇಲ್ಗಡೆ ಒಂದು ಹೆಂಚಿನ ಮನೆ. ಮೊಮ್ಮಗಳು ಕಂಪ್ಯೂಟರಿನಲ್ಲಿ ಓದುತ್ತಿದ್ದಾಳೆ. ಅಜ್ಜಿ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಾಳೆ. ದೂರದ ಗುಡ್ಡದ ಹಿಂದೆ ಮಿಂಚು.

5ರಿಂದ 12: ತಂತಿಯ ಮೇಲೆ ಒಂದು ಅಲೆ, ನೆರೆ ಬಂದ ಹೊಳೆಯ ಹಾಗೆ ಉಬ್ಬಿಕೊಂಡು ಕಂಬದಿಂದ ಕಂಬಕ್ಕೆ ಓಡಿ ಬರುತ್ತದೆ. ಮನೆಯೊಳಗೆ ನುಗ್ಗಿ ಪಟ್ಟಿಯ ಬಾಯಿಗೆ ಬರುತ್ತದೆ.

12ರಿಂದ 18: ಪಟ್ಟಿಯ ಗೋಡೆ ಗಾಜಿನಂತೆ ಪಾರದರ್ಶಕವಾಗುತ್ತದೆ. ಒಳಗೆ ಬಿಲ್ಲೆ. ಅದು ಬಾಗಿಲು ತೆರೆದು ಅಲೆಯನ್ನು ಕಾದಿಗೆಗೆ ತಿರುಗಿಸುತ್ತದೆ. ಅಲೆ ಅಂಗಳದ ಅರ್ಥ್ ಗುಂಡಿಗೆ ಇಳಿದು ಮಣ್ಣಲ್ಲಿ ಕರಗುತ್ತದೆ. ಗುಂಡಿಯ ಪಕ್ಕ ನೀರಿನ ಕೊಡ.

18ರಿಂದ 25: ಗುಡುಗು ಹತ್ತಿರವಾಗುತ್ತಿದೆ. ಅಜ್ಜಿ ಬೆರಳು ಮಡಚಿ ಎಣಿಸುತ್ತಾಳೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ 3 ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಎಣಿಕೆ 30 ದಾಟುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಅಜ್ಜಿಯ ಎಣಿಕೆ ಮೂವತ್ತೈದಕ್ಕೆ ನಿಲ್ಲುತ್ತದೆ. ಇನ್ನೂ ಹೊತ್ತಿದೆ. "ಕೂಸೆ, ಪ್ಲಗ್ ತೆಗಿ!" ಮೊಮ್ಮಗಳು ಕಂಪ್ಯೂಟರ್ ಆರಿಸಿ ಪ್ಲಗ್ ಕೀಳುತ್ತಾಳೆ.

ಕೊನೆಯ 5: ಕಿತ್ತ ಪ್ಲಗ್ ನೆಮ್ಮದಿಯಿಂದ ಆಕಳಿಸುತ್ತದೆ. ಅಕ್ಷರ ಮೂಡುತ್ತದೆ: "ದೂರದ ಸಿಡಿಲಿಗೆ ಗಾರ್ಡ್. ಹತ್ತಿರದ ಸಿಡಿಲಿಗೆ ಅಜ್ಜಿಯ ಮಾತು."

ಇಲ್ಲಿ ಒಂದು ಸೂಕ್ಷ್ಮ ಇದೆ. ಸಿಡಿಲು ನೆತ್ತಿಯ ಮೇಲೆ ಬಂದ ಮೇಲೆ ಪ್ಲಗ್ ಕೀಳಲು ಹೋಗುವುದು ಅಪಾಯ, ಆಗ ವೈರು ಮುಟ್ಟಬಾರದು. ಅದಕ್ಕೇ ಅಜ್ಜಿ ದೂರದ ಗುಡುಗಿಗೇ ಎಚ್ಚರಾಗುತ್ತಾಳೆ. ಮುಂಚಿತವಾಗಿ ತಿಳಿಯಬೇಕೆಂದರೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ 'ದಾಮಿನಿ' ಆ್ಯಪ್ ಮೊಬೈಲಿನಲ್ಲಿ ಹಾಕಿಕೊಳ್ಳಬಹುದು, ನೀವಿರುವ ಜಾಗದ ಸುತ್ತಮುತ್ತ ಸಿಡಿಲಿದ್ದರೆ ಅದು ತಿಳಿಸುತ್ತದೆ.

ಅಂಗಡಿಯವರು ಎರಡು ಸಲ ನೋಡಿದರು. ಅಜ್ಜಿಯ ಜಾಗದಲ್ಲಿ ನಕ್ಕರು. ಕೊನೆಗೆ "ಅಡ್ಡಿಲ್ಲೆ" ಎಂದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಯಾರು ಮಾಡಬೇಕು?

ಕರ್ನಾಟಕ ಅನಿಮೇಷನ್ ಕ್ಷೇತ್ರಕ್ಕಾಗಿಯೇ 2012ರಲ್ಲಿ ನೀತಿ ತಂದ ರಾಜ್ಯ. ಈಗ 2024ರಿಂದ 2029ರವರೆಗಿನ ಹೊಸ ನೀತಿಯೂ ಇದೆ. ಆದರೆ ಅನಿಮೇಷನ್ ಎಂದರೆ ಈಗಲೂ ಬೆಂಗಳೂರು. ಘಟ್ಟದ ಮೇಲಿನ ಹುಡುಗಿ ಕಲಿತರೆ ಬಸ್ ಹತ್ತಲೇಬೇಕು ಎಂಬ ಲೆಕ್ಕ. ಇದು ಬದಲಾಗಬಹುದು. ಬ್ಲೆಂಡರ್ ಎಂಬ ತಂತ್ರಾಂಶ ಪೂರ್ತಿ ಉಚಿತ. 2025ರಲ್ಲಿ ಅನಿಮೇಷನ್ ಸಿನೆಮಾದ ಆಸ್ಕರ್ ಗೆದ್ದ ಲಾಟ್ವಿಯಾ ದೇಶದ 'ಫ್ಲೋ' ಅದರಲ್ಲೇ ಮಾಡಿದ ಚಿತ್ರ. ಕ್ರಿಟಾ, ಓಪನ್‌ಟೂನ್ಜ್ ಕೂಡ ಉಚಿತ. ಒಂದು ಮಧ್ಯಮ ಕಂಪ್ಯೂಟರ್, ತಾಳ್ಮೆ, ಮತ್ತು ಹೌದು, ಒಂದು ಒಳ್ಳೆಯ ಸ್ಪೈಕ್ ಗಾರ್ಡ್ ಇದ್ದರೆ ಶುರು ಮಾಡಬಹುದು.

ಬೇರೆಯವರಲ್ಲಿ ಇಲ್ಲದ್ದು ನಮ್ಮಲ್ಲಿ ಏನಿದೆ? ಧ್ವನಿ ಇದೆ. ವೇಷವಿಲ್ಲದೆ, ಕುಣಿತವಿಲ್ಲದೆ ಬರೀ ಮಾತಿನಲ್ಲಿ ಪಾತ್ರ ಕಟ್ಟುವ ತಾಳಮದ್ದಳೆಯ ಅರ್ಥಧಾರಿಗಳು ಈ ಸೀಮೆಯ ಊರೂರಲ್ಲಿದ್ದಾರೆ. ಅನಿಮೇಷನ್ನಿಗೆ ಬೇಕಾದದ್ದು ಅದೇ. ಚಿತ್ರ ಇದೆ. ಸಿದ್ದಾಪುರದ ಕಡೆ ದೀವರ ಮನೆಗಳ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳಲ್ಲಿ ಮೂಡುವ ಹಸೆ ಚಿತ್ತಾರದ ಗೆರೆಗಳು ಪರದೆಯ ಮೇಲೆ ಚಲಿಸಿದರೆ ಹೇಗಿರುತ್ತದೆ, ಯೋಚಿಸಿ. ಆದರೆ ಒಂದು ಮಾತು: ಆ ಗೆರೆಗಳನ್ನು ಫೋಟೊ ಹೊಡೆದು ತಂದು ಬಳಸುವುದಲ್ಲ. ಬರೆಯುವ ಹೆಂಗಸರನ್ನು ಕೇಳಬೇಕು, ಅವರಿಗೆ ದುಡ್ಡು ಸಲ್ಲಬೇಕು, ಹೆಸರು ಹಾಕಬೇಕು. ಭಾಷೆಗಳಿವೆ. ಯಲ್ಲಾಪುರದ ಕಾಡಂಚಿನ ಸಿದ್ದಿಯರ ಮನೆಗಳಲ್ಲಿ ಕೊಂಕಣಿ, ಗೌಳಿಗರ ಮನೆಗಳಲ್ಲಿ ಮರಾಠಿ ಕೇಳುತ್ತದೆ. ಒಂದೇ ಕಾರ್ಟೂನಿಗೆ ಅವರ ಮಾತಿನಲ್ಲೂ ಧ್ವನಿ ಕೊಡುವುದು ಕಷ್ಟವಲ್ಲ. ಸಿಡಿಲು ಭಾಷೆ ಕೇಳಿ ಬಡಿಯುವುದಿಲ್ಲ.

"ಎಐಗೆ ಹೇಳಿದರೆ ಹತ್ತು ನಿಮಿಷದಲ್ಲಿ ಆಗುತ್ತದೆ" ಎನ್ನುವವರೂ ಇದ್ದಾರೆ. ಆಗುತ್ತದೆ. ನಾವು ನೋಡಿದ ಅಂಥ ಕೆಲವು ವಿಡಿಯೊಗಳಲ್ಲಿ ಅಡಿಕೆ ಮರದ ಜಾಗದಲ್ಲಿ ತೆಂಗಿನ ಮರ ಇತ್ತು, ಗೋಡೆಯಲ್ಲಿ ಅಮೆರಿಕದ ಸಾಕೆಟ್ ಇತ್ತು, ಬೋರ್ಡಿನ ಮೇಲೆ ಯಾವ ಭಾಷೆಯೂ ಅಲ್ಲದ ಅಕ್ಷರಗಳಿದ್ದವು. ಮುಂದೆ ಅದೂ ಸುಧಾರಿಸಬಹುದು. ಆದರೆ ನಮ್ಮ ಅಂಗಳದ ಅರ್ಥ್ ಗುಂಡಿ ಮೇ ತಿಂಗಳಲ್ಲಿ ಒಣಗುತ್ತದೆ ಎಂದು ಅದಕ್ಕೆ ಮೊದಲು ಯಾರಾದರೂ ಹೇಳಬೇಕು. ಹೇಳುವವರು ಇಲ್ಲಿ ಬದುಕಿದವರೇ ಆಗಬೇಕು.

ಅಂಗಡಿಯವರಲ್ಲಿ ನಮ್ಮ ವಿನಂತಿ: ಊರಿನ ಹುಡುಗರಿಗೆ "ನಿಂಗಕ್ಕೆ ಪ್ರಚಾರ ಸಿಗ್ತು" ಎಂದು ಪುಕ್ಕಟೆ ಕೆಲಸ ಮಾಡಿಸಬೇಡಿ. ಲೈನ್‌ಮನ್ನಿಗೆ, ಕೊನೆಗೌಡನಿಗೆ ಹಾಗೆ ಹೇಳುತ್ತೀರಾ? 360 ಚಿತ್ರಕ್ಕೂ ಕೂಲಿ ಇದೆ. ಮಾಡುವ ಹುಡುಗರಲ್ಲಿ ವಿನಂತಿ: ಮಾಲನ್ನು ಬಿಚ್ಚಿ ನೋಡದೆ ಒಂದು ಗೆರೆಯನ್ನೂ ಎಳೆಯಬೇಡಿ. ಒಳಗೆ ಬಿಲ್ಲೆ ಇಲ್ಲದ ಪಟ್ಟಿಗೆ ಬಿಲ್ಲೆ ಬರೆದುಕೊಟ್ಟರೆ ಸುಟ್ಟ ಕಂಪ್ಯೂಟರಿನಲ್ಲಿ ನಿಮ್ಮ ಪಾಲೂ ಇರುತ್ತದೆ.

ಕೊಳ್ಳುವ ನಮಗೆಲ್ಲ ಉಳಿದದ್ದು ನಾಲ್ಕು ಪ್ರಶ್ನೆ. ಮುಂದಿನ ಸಲ ಅಂಗಡಿಗೆ ಹೋದಾಗ ಕೇಳಿ: ಇದರೊಳಗೆ ಎಂಒವಿ ಇದೆಯೇ, ಎಷ್ಟು ಜೂಲ್ ತಡೆಯುತ್ತದೆ ಎಂದು ಬರೆದಿದೆಯೇ? ಬಿಲ್ಲೆ ಸತ್ತರೆ ತೋರಿಸುವ ದೀಪ ಇದೆಯೇ? ವಾರಂಟಿಯಲ್ಲಿ ಸಿಡಿಲಿನ ಹಾನಿ ಸೇರಿದೆಯೇ? ನಮ್ಮ ಮನೆಯ ಅರ್ಥಿಂಗ್ ನೋಡಲು ಯಾರನ್ನಾದರೂ ಕಳಿಸುತ್ತೀರಾ? ಈ ಪ್ರಶ್ನೆಗಳನ್ನು ಹತ್ತು ಜನ ಕೇಳಿದರೆ ಹನ್ನೊಂದನೆಯ ಜಾಹೀರಾತಿನಲ್ಲಿ ಉತ್ತರ ತಾನಾಗಿ ಬರುತ್ತದೆ.

ಅಲ್ಲಿಯವರೆಗೆ, ದೂರದಲ್ಲಿ ಗುಡುಗಿದರೆ ಈ ಬರಹ ಓದುತ್ತಿರುವ ಫೋನಿನ ಚಾರ್ಜರನ್ನೂ ಗೋಡೆಯಿಂದ ತೆಗೆದುಬಿಡಿ.